ಅವರೆಯ ಕುರುಕು ತಿಂಡಿ: ಬೆಳೆದವನ ಮನೆಯಲ್ಲಿ ನಿಲ್ಲಬೇಕಾದ ಕಸಬು

ಹೊಲದಲ್ಲಿ ಬೆಳೆಯನ್ನು ಎತ್ತುವುದರಲ್ಲಿ ರೈತನು ವಹಿಸುವ ಶ್ರದ್ಧೆಯನ್ನು, ಎತ್ತಿದ ಬೆಳೆಯನ್ನು ಮನೆಯಲ್ಲಿ ಹಸನುಗೊಳಿಸಿ ಹೆಚ್ಚು ಬೆಲೆಯುಳ್ಳ ಪದಾರ್ಥವನ್ನಾಗಿ ಮಾಡಿಕೊಳ್ಳುವುದರಲ್ಲಿಯೂ ವಹಿಸಿದರೆ ಅವನ ಸಂಸಾರದ ಸ್ಥಿತಿಯು ಎಷ್ಟೋ ಉತ್ತಮಗೊಳ್ಳುವುದೆಂಬುದರಲ್ಲಿ ಸಂದೇಹವಿಲ್ಲ. ಈ ಮಾತಿಗೆ ಅವರೆಗಿಂತ ಹತ್ತಿರದ ನಿದರ್ಶನವು ದೊರೆಯಲಾರದು. ಪುಷ್ಯ ಮಾಸದಲ್ಲಿ ಮೂಟೆಮೂಟೆಯಾಗಿ ಊರಿನಿಂದ ಪೇಟೆಗೆ ಹೋಗುವ ಅವರೇಕಾಯಿಯು, ಕೆಲವು ದಿನಗಳ ತರುವಾಯ ಹಿತಕಿದ ಬೇಳೆಯಾಗಿ, ಎಣ್ಣೆಯಲ್ಲಿ ಕರಿದು, ಉಪ್ಪು ಖಾರ ಬೆರೆತು, ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ ಅದೇ ಊರಿನ ಅಂಗಡಿಗೆ ಹಿಂದಿರುಗುತ್ತದೆ. ಬೆಳೆದವನ ಮಕ್ಕಳೇ ಅದನ್ನು ದುಡ್ಡು ಕೊಟ್ಟು ಕೊಂಡು ತಿನ್ನುತ್ತಾರೆ. ಕಾಯಿಗೆ ಬಂದ ಬೆಲೆಗೂ ಪೊಟ್ಟಣಕ್ಕೆ ತೆತ್ತ ಬೆಲೆಗೂ ನಡುವೆ ಇರುವ ಅಂತರವೆಲ್ಲವೂ ಬೇರೆಯವರ ಪಾಲಾಗುತ್ತದೆ. ಈ ಅಂತರದಲ್ಲಿ ಒಂದು ಭಾಗವಾದರೂ ಬೆಳೆದವನ ಮನೆಯಲ್ಲಿ ನಿಲ್ಲುವಂತೆ ಮಾಡುವುದು ಅಸಾಧ್ಯವಲ್ಲ. ಆದರೆ ಅದಕ್ಕೆ ಲೆಕ್ಕವೂ ಬೇಕು, ಕ್ರಮವೂ ಬೇಕು.

ಬೆಳೆಯ ಸ್ವಭಾವ

ಮಾಗಡಿ, ಕನಕಪುರ, ಕೋಲಾರ, ಚಿಂತಾಮಣಿ, ತುಮಕೂರು ಮೊದಲಾದ ಸೀಮೆಗಳ ಖುಷ್ಕಿ ಭೂಮಿಯಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆಯನ್ನು ಹಾಕುವ ಪದ್ಧತಿಯು ಬಹಳ ಹಿಂದಿನಿಂದ ನಡೆದುಬಂದಿದೆ. ನಾಟಿ ಅವರೆಯು ಹಗಲು ಕಿರಿದಾಗುತ್ತ ಬಂದ ಹೊರತು ಹೂ ಬಿಡುವುದಿಲ್ಲ. ಮುಂಗಾರಿನಲ್ಲಿ ಒಬ್ಬನು ಹದಿನೈದು ದಿನ ಮುಂಚೆ ಬಿತ್ತಿದರೂ ಮತ್ತೊಬ್ಬನು ಹದಿನೈದು ದಿನ ತಡವಾಗಿ ಬಿತ್ತಿದರೂ ಎಲ್ಲರ ಹೊಲವೂ ಹೆಚ್ಚು ಕಡಮೆ ಒಂದೇ ಕಾಲದಲ್ಲಿ ಹೂವಾಗಿ, ಡಿಸೆಂಬರ್ ಜನವರಿ ತಿಂಗಳುಗಳಲ್ಲಿ ಒಟ್ಟಿಗೆ ಕಾಯಾಗುತ್ತದೆ. ಸಂಕ್ರಾಂತಿಯ ಹಿಂದುಮುಂದಿನ ಕೆಲವು ವಾರಗಳಲ್ಲಿ ಪೇಟೆಯು ಕಾಯಿಯಿಂದ ತುಂಬಿ ಧಾರಣೆಯು ಕುಸಿಯುವುದಕ್ಕೆ ದಲ್ಲಾಳಿಗಳ ಕೈವಾಡ ಒಂದೇ ಕಾರಣವಲ್ಲ. ಗಿಡದ ಈ ಸ್ವಭಾವವೇ ಮೊದಲನೆಯ ಕಾರಣ.

ಹಗಲಿನ ದೀರ್ಘತೆಗೆ ಕಟ್ಟುಬೀಳದೆ ನೀರಿನ ಅನುಕೂಲವಿದ್ದಲ್ಲಿ ಯಾವ ಕಾಲದಲ್ಲಿಯಾದರೂ ಕಾಯಿ ಬಿಡುವ ಹೆಬ್ಬಾಳ ಅವರೆ ೩, ಹೆಬ್ಬಾಳ ಅವರೆ ೪ ಎಂಬ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೊರಡಿಸಿರುವುದು ಈ ಇಕ್ಕಟ್ಟಿಗೆ ಒಂದು ಪರಿಹಾರವಾಗಿದೆ. ಆದರೂ ಸೊಗಡಿನ ವಿಷಯದಲ್ಲಿ ನಾಟಿ ಅವರೆಗೆ ಇರುವ ಮನ್ನಣೆಯು ಬೇರೆಯದಕ್ಕಿಲ್ಲ. ಸೊಗಡೆಂಬುದು ಕಾಯಿಯ ಸಿಪ್ಪೆಯ ಮೇಲೆ ಒಸರುವ ಜಿಡ್ಡಿನಲ್ಲಿರುವುದು. ಕಾಯಿ ಬಿಡಿಸಿದವರ ಬೆರಳಿಗೆ ಹತ್ತಿ ಬಹಳ ಹೊತ್ತು ಬಿಡದೆ ಇರುವ ಪರಿಮಳವು ಇದೇ. ಹಿತಕಿ ಕರಿದ ಬೇಳೆಯಲ್ಲಿ ಈ ಸೊಗಡು ಅಷ್ಟಾಗಿ ಉಳಿಯುವುದಿಲ್ಲ. ಆದಕಾರಣ ಸೊಗಡಿಗೆ ಬೆಲೆ ಕೊಡುವ ಗಿರಾಕಿಗೆ ಒಳ್ಳೆಯ ನಾಟಿ ಕಾಯಿಯನ್ನು ಕಾಯಾಗಿಯೇ ಮಾರಿ, ಸೊಗಡು ಕಡಮೆಯಾದುದನ್ನೂ ಧಾರಣೆ ಬಿದ್ದ ದಿನಗಳಲ್ಲಿ ಕೊಯ್ದುದನ್ನೂ ಬಾಣಲೆಗೆ ಇಟ್ಟುಕೊಳ್ಳುವುದು ವಿವೇಕ.

ಲೆಕ್ಕ

ಈ ಕೆಲಸವು ಎಂದೆಂದಿಗೂ ಲಾಭದಾಯಕವೆಂದು ಹೇಳುವವರ ಮಾತನ್ನು ನಂಬತಕ್ಕದ್ದಲ್ಲ. ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಸಿಪ್ಪೆ. ಹಸಿಯ ಕಾಳಿನಲ್ಲಿ ಬಹುಭಾಗ ನೀರು. ಹಿತಕಿದಾಗ ಕಾಳಿನ ತೊಗಟೆಯು ಹೋಗುವುದು. ಕರಿದಾಗ ನೀರು ಆವಿಯಾಗಿ, ಅದರ ಸ್ಥಳದಲ್ಲಿ ಸ್ವಲ್ಪ ಎಣ್ಣೆಯು ಸೇರಿದರೂ, ಬೇಳೆಯ ತೂಕವು ಸುಮಾರು ಅರ್ಧಕ್ಕೆ ಇಳಿಯುವುದು. ಹೀಗೆ ೧೦ ಕಿಲೋ ಕಾಯಿಗೆ ಸುಮಾರು ೪ ಕಿಲೋ ಕಾಳು, ೩ ಕಿಲೋ ಹಿತಕಿದ ಬೇಳೆ, ಕರಿದ ಮೇಲೆ ೧½ ಕಿಲೋ ತಿಂಡಿ ಎಂದು ಅಂದಾಜು ಮಾಡಬಹುದು. ಕಾಯಿಯ ಬಲಿತವನ್ನು ಅನುಸರಿಸಿ ಇದು ಹೆಚ್ಚು ಕಡಮೆಯಾಗುವುದರಿಂದ ಪ್ರತಿಯೊಬ್ಬ ಯಜಮಾನನೂ ತನ್ನ ಮನೆಯಲ್ಲಿ ಒಂದು ಸಾರಿ ತೂಗಿ ನೋಡಿಕೊಳ್ಳುವುದು ಅಗತ್ಯ.

ಲೆಕ್ಕದ ಕ್ರಮವನ್ನು ತೋರಿಸುವುದಕ್ಕಾಗಿ ಮಾತ್ರ ಕೆಲವು ಅಂಕಿಗಳನ್ನು ಊಹಿಸಿಕೊಳ್ಳಬಹುದು. ಕಾಯಿಯ ಧಾರಣೆಯು ಕಿಲೋ ಒಂದಕ್ಕೆ ೪೦ ರೂಪಾಯಿ. ೧೦ ಕಿಲೋ ಕಾಯಿಗೆ ೪೦೦ ರೂಪಾಯಿ. ಎಣ್ಣೆಗೆ ೧೫೦, ಸೌದೆ ಅಥವಾ ಅನಿಲ, ಉಪ್ಪು, ಖಾರ, ಪೊಟ್ಟಣಗಳಿಗೆ ೧೦೦. ಒಟ್ಟು ೬೫೦ ರೂಪಾಯಿ. ೧½ ಕಿಲೋ ತಿಂಡಿಯು ಕಿಲೋಗೆ ೬೦೦ರಂತೆ ೯೦೦ ರೂಪಾಯಿಗೆ ವಿಕ್ರಯವಾದರೆ ಹಿತಕಿದವರ ಕೂಲಿಗೆ ಉಳಿಯುವುದು ೨೫೦ ರೂಪಾಯಿ. ಕಾಯಿಯ ಧಾರಣೆಯು ೨೦ ರೂಪಾಯಿಗೆ ಇಳಿದ ವಾರದಲ್ಲಿ ಉಳಿಯುವುದು ೪೫೦ ರೂಪಾಯಿ. ಧಾರಣೆಯು ೬೫ಕ್ಕೆ ಏರಿದ ವಾರದಲ್ಲಿ ಒಂದು ಕಾಸೂ ಉಳಿಯದು. ಆದ್ದರಿಂದ ನಿಯಮವು ಸ್ಪಷ್ಟವಾಗಿದೆ: ಧಾರಣೆ ಏರಿದಾಗ ಕಾಯಿಯನ್ನು ಮಾರುವುದು, ಧಾರಣೆ ಬಿದ್ದಾಗ ಬಾಣಲೆಯನ್ನು ಒಲೆಯ ಮೇಲಿಡುವುದು. ಬಿದ್ದ ಧಾರಣೆಗೆ ಗೋಣಗುತ್ತ ಸಾಗಣೆಯ ಬಾಡಿಗೆಯನ್ನೂ ಕೈಯಿಂದ ಕೊಟ್ಟು ಬರುವ ರೈತನಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಒಣಗಿದ ಕಾಳಿನ ಲೆಕ್ಕವು ಇದಕ್ಕಿಂತ ಅನುಕೂಲವಾದುದು. ಒಣ ಕಾಳಿನಲ್ಲಿ ನೀರು ಹತ್ತು ಹನ್ನೆರಡು ಪಾಲಿಗಿಂತ ಹೆಚ್ಚಿರುವುದಿಲ್ಲವಾದ ಕಾರಣ, ನೆನೆಸಿ ಹಿತಕಿ ಕರಿದರೆ ಕಾಳಿನ ತೂಕಕ್ಕೆ ಸ್ವಲ್ಪವೇ ಕಡಮೆಯಾಗಿ ತಿಂಡಿಯು ಬರುವುದು. ಕಡೆಯ ಕೊಯ್ಲಿನ ಕಾಯಿಯನ್ನು ಅಗ್ಗವಾಗಿ ಮಾರದೆ ಗಿಡದಲ್ಲಿಯೇ ಒಣಗಲು ಬಿಟ್ಟು, ಒಕ್ಕಿ, ಚೆನ್ನಾಗಿ ಬಿಸಿಲಿಗೆ ಹಾಕಿ, ಕೆಮ್ಮಣ್ಣು ಕಟ್ಟಿ ಅಥವಾ ಗಾಳಿಯಾಡದ ಡಬ್ಬಗಳಲ್ಲಿ ತುಂಬಿ ಇಟ್ಟರೆ ಹುಳುವಿನ ಬಾಧೆಯು ಕಡಮೆಯಾಗುವುದು. ಕೆಲಸವು ನಾಲ್ಕು ವಾರಗಳ ಅವಸರಕ್ಕೆ ಸಿಕ್ಕದೆ ವರ್ಷದುದ್ದಕ್ಕೂ ಹರಡಿಕೊಳ್ಳುವುದು. ಬೇಸಗೆಯಲ್ಲಿ ಕೈಕೆಲಸವಿಲ್ಲದೆ ಕುಳಿತ ಮನೆಗಳಿಗೆ ಇದು ಸಣ್ಣ ಉಪಕಾರವಲ್ಲ.

ಮಾಡುವ ಕ್ರಮ

ಕಾಳಿನ ಆಯ್ಕೆ:— ಕಾಳು ಪೂರ್ತಿ ತುಂಬಿರಬೇಕು. ಹಸಿರು ಬಣ್ಣ ಇನ್ನೂ ಹೋಗಿರಬಾರದು. ಎಳೆಯ ಕಾಳು ಎಣ್ಣೆಯಲ್ಲಿ ಮುದುರಿ ಎಣ್ಣೆಯನ್ನು ಕುಡಿಯುವುದು. ಕಾಯಿಕೊರಕ ಹುಳು ತಿಂದ ಕಾಳನ್ನು ಒಂದೊಂದಾಗಿ ಆರಿಸಿ ತೆಗೆಯತಕ್ಕದ್ದು. ಕೀಟನಾಶಕವನ್ನು ಸಿಂಪಡಿಸಿದ್ದಲ್ಲಿ, ಸಿಂಪಡಿಸಿದ ಮೇಲೆ ಎಷ್ಟು ದಿನ ಕೊಯ್ಯಬಾರದೆಂದು ಡಬ್ಬಿಯ ಮೇಲೆ ಅಚ್ಚಾಗಿದೆಯೋ ಅಷ್ಟು ದಿನ ಕಳೆಯುವವರೆಗೆ ಆ ಕಾಯಿಯನ್ನು ಮನೆಗೂ ತರಬಾರದು, ಪೇಟೆಗೂ ಕಳುಹಿಸಬಾರದು.

ನೆನೆಸುವುದು ಮತ್ತು ಹಿತಕುವುದು:— ಹಸಿಯ ಕಾಳನ್ನು ರಾತ್ರಿ ನೀರಿನಲ್ಲಿ ಹಾಕಿದರೆ ಬೆಳಗಾಗುವುದರೊಳಗಾಗಿ ತೊಗಟೆಯು ಸಡಿಲವಾಗುವುದು. ಒಣ ಕಾಳಿಗೆ ಹತ್ತು ಹನ್ನೆರಡು ಗಂಟೆ ಬೇಕು. ನಡುವೆ ಒಮ್ಮೆ ನೀರನ್ನು ಬದಲಾಯಿಸಬೇಕು. ನೆನೆಸಿದ ನೀರನ್ನು ಅಡಿಗೆಗೆ ಉಪಯೋಗಿಸದೆ ಚೆಲ್ಲಿಬಿಡತಕ್ಕದ್ದು. ಏಕೆಂದರೆ ಬಲಿತ ಅವರೆಯಲ್ಲಿರುವ ಕೆಲವು ಅಹಿತ ಪದಾರ್ಥಗಳಲ್ಲಿ ಒಂದು ಭಾಗವು ನೀರಿನಲ್ಲಿ ಇಳಿಯುವುದು, ಜೀರ್ಣಕ್ಕೆ ಅಡ್ಡಿಮಾಡತಕ್ಕವು ಕಾವಿನಿಂದ ಕೆಡುವುವು. ಹಸಿಯದಾಗಿ ಒಣ ಅವರೆಯನ್ನು ತಿನ್ನಬಾರದೆಂಬ ಹಿರಿಯರ ಮಾತಿಗೆ ಆಧಾರವು ಇದೇ. ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಳನ್ನು ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆಯು ಜಾರಿ ಹೊರಕ್ಕೆ ಬೀಳುವುದು. ಕಾಯಿಯ ಸಿಪ್ಪೆಯನ್ನೂ ಕಾಳಿನ ತೊಗಟೆಯನ್ನೂ ದನಗಳಿಗೆ ಹಾಕಬಹುದು.

ಆರಿಸುವುದು:— ಹಿತಕಿದ ಬೇಳೆಯನ್ನು ತೊಳೆದು ಬಸಿದು ಶುಭ್ರವಾದ ಹತ್ತಿಯ ಬಟ್ಟೆಯ ಮೇಲೆ ನೆರಳಿನಲ್ಲಿ ತೆಳ್ಳಗೆ ಹರಡಿ, ಮೇಲಿನ ಒದ್ದೆಯು ಹೋಗುವವರೆಗೆ ಒಂದೆರಡು ಗಂಟೆ ಬಿಡಬೇಕು. ಒದ್ದೆಯ ಬೇಳೆಯನ್ನು ಕಾದ ಎಣ್ಣೆಗೆ ಹಾಕಿದರೆ ಎಣ್ಣೆಯು ಸಿಡಿದು ಕೈ ಮುಖಗಳನ್ನು ಸುಡುವುದು. ಬಿಸಿಲಿನಲ್ಲಿ ಬಹಳ ಹೊತ್ತು ಬಿಟ್ಟರೆ ಬೇಳೆಯು ಕಲ್ಲಿನಂತಾಗಿ ಹಲ್ಲಿಗೆ ಬಗ್ಗದು. ಗರಿಗರಿಯಾಗುವುದಕ್ಕೂ ಗಟ್ಟಿಯಾಗುವುದಕ್ಕೂ ಇರುವ ವ್ಯತ್ಯಾಸವು ಈ ಒಂದೆರಡು ಗಂಟೆಗಳಲ್ಲಿಯೇ ನಿರ್ಧಾರವಾಗುವುದು.

ಕರಿಯುವುದು:— ಬಾಣಲೆಯಲ್ಲಿ ಎಣ್ಣೆಯು ಅರ್ಧಕ್ಕಿಂತ ಹೆಚ್ಚಿರಬಾರದು. ನೊರೆಯು ಉಕ್ಕಿ ಒಲೆಗೆ ಬಿದ್ದರೆ ಅಪಾಯ. ೧೭೦ರಿಂದ ೧೮೦ ಡಿಗ್ರಿ ಸೆಂಟಿಗ್ರೇಡಿನ ಕಾವು ತಕ್ಕದ್ದು. ಉಷ್ಣಮಾಪಕವಿಲ್ಲದವರು ಒಂದು ಬೇಳೆಯನ್ನು ಹಾಕಿ ನೋಡಬಹುದು: ಅದು ಮುಳುಗಿ ಗುಳ್ಳೆಗಳೊಡನೆ ಒಡನೆಯೇ ಮೇಲಕ್ಕೆ ಬಂದರೆ ಕಾವು ಸರಿಯಾಗಿದೆ, ತಳದಲ್ಲಿಯೇ ಕುಳಿತರೆ ಸಾಲದು, ಎಣ್ಣೆಯು ಹೊಗೆಯಾಡಿದರೆ ಮಿತಿ ಮೀರಿದೆ. ಒಂದು ಸಲಕ್ಕೆ ಒಂದು ಹಿಡಿಗಿಂತ ಹೆಚ್ಚು ಹಾಕತಕ್ಕದ್ದಲ್ಲ. ಅವಸರದಿಂದ ಮೊರದಷ್ಟು ಬೇಳೆಯನ್ನು ಒಟ್ಟಿಗೆ ಸುರಿದರೆ ಎಣ್ಣೆಯು ತಣಿದು, ಬೇಳೆಯು ಗರಿಯಾಗುವುದಕ್ಕೆ ಬದಲು ಜಿಡ್ಡನ್ನು ಕುಡಿದು ಮೆತ್ತಗಾಗುವುದು. ಮೊದಲು ಗುಳ್ಳೆಗಳು ಬಲವಾಗಿ ಏಳುವುವು. ಇವು ಬೇಳೆಯೊಳಗಿನ ನೀರು ಆವಿಯಾಗಿ ಹೊರಡುವ ಗುರುತು. ಗುಳ್ಳೆಗಳು ಅಡಗುತ್ತ ಬಂದು, ಬೇಳೆಯು ಹಗುರವಾಗಿ, ಜಾಲರಿ ಸೌಟಿಗೆ ತಗಲಿದಾಗ ಗಲಗಲನೆ ಸದ್ದಾದರೆ ತೆಗೆಯುವ ಸಮಯ ಬಂದಿತೆಂದು ತಿಳಿಯಬೇಕು. ಹೊಂಬಣ್ಣವು ಕಾಣಿಸಿದ ಕ್ಷಣದಲ್ಲಿಯೇ ತೆಗೆಯಬೇಕು. ಹೊರಗೆ ಬಂದ ಮೇಲೆಯೂ ಒಳಗಿನ ಕಾವಿನಿಂದ ಬಣ್ಣವು ಸ್ವಲ್ಪ ಏರುವುದುಂಟು.

ಉಪ್ಪು ಖಾರ:— ಉಪ್ಪನ್ನಾಗಲಿ ಖಾರದ ಪುಡಿಯನ್ನಾಗಲಿ ಎಣ್ಣೆಗೆ ಹಾಕತಕ್ಕದ್ದಲ್ಲ. ಖಾರದ ಪುಡಿಯು ಸೀದುಹೋಗುವುದು, ಎಣ್ಣೆಯೂ ಬೇಗ ಕೆಡುವುದು. ಕರಿದ ಬೇಳೆಯು ಇನ್ನೂ ಬಿಸಿಯಾಗಿರುವಾಗಲೇ ಮೇಲೆ ಉದುರಿಸಿದರೆ ಚೆನ್ನಾಗಿ ಹತ್ತಿಕೊಳ್ಳುವುದು. ೧ ಕಿಲೋ ಕರಿದ ಬೇಳೆಗೆ ನುಣ್ಣಗಿನ ಉಪ್ಪು ೧೫ರಿಂದ ೨೦ ಗ್ರಾಂ, ಅಚ್ಚ ಖಾರದ ಪುಡಿ ೧೫ ಗ್ರಾಂ, ಚಿಟಿಕೆ ಅರಿಸಿನ, ಚಿಟಿಕೆ ಇಂಗು ಸಾಕು. ಕರಿದ ಕಡಲೆಕಾಯಿ ಬೀಜ ೨೦೦ ಗ್ರಾಂ, ಹುರಿಗಡಲೆ ೧೦೦ ಗ್ರಾಂ, ತೆಳ್ಳಗೆ ಹೆಚ್ಚಿದ ಕೊಬ್ಬರಿ ೫೦ ಗ್ರಾಂ, ಒದ್ದೆಯಿಲ್ಲದಂತೆ ಆರಿಸಿ ಕರಿದ ಕರಿಬೇವು ಒಂದೆರಡು ಹಿಡಿ, ಜಜ್ಜಿ ಕರಿದ ಬೆಳ್ಳುಳ್ಳಿ ಇಪ್ಪತ್ತು ಎಸಳು ಸೇರಿಸುವುದು ವಾಡಿಕೆ. ಬೆಳ್ಳುಳ್ಳಿಯಲ್ಲಿ ತೇವ ಉಳಿದರೆ ಇಡೀ ಡಬ್ಬಿಯೇ ಮೆತ್ತಗಾಗುವುದರಿಂದ ಅದನ್ನು ಪೂರ್ತಿ ಗರಿಯಾಗುವಂತೆ ಕರಿಯಬೇಕು.

ಇಡುವುದು:— ತಿಂಡಿಯು ಪೂರ್ತಿ ತಣ್ಣಗಾದ ಹೊರತು ಮುಚ್ಚಳ ಹಾಕಕೂಡದು. ಗಾಳಿ, ಬೆಳಕು, ತೇವ ಇವು ಮೂರೂ ಕರಿದ ಪದಾರ್ಥಕ್ಕೆ ಶತ್ರುಗಳು. ತೇವದಿಂದ ಗರಿಯು ಹೋಗುವುದು. ಗಾಳಿ ಬೆಳಕುಗಳಿಂದ ಎಣ್ಣೆಯು ಮುಗ್ಗಲು ವಾಸನೆ ಹಿಡಿಯುವುದು. ಬಿಗಿಯಾದ ಮುಚ್ಚಳವುಳ್ಳ ತಗಡಿನ ಡಬ್ಬಿಯಲ್ಲಿ ಬಾಯಿವರೆಗೆ ತುಂಬಿ ನೆರಳಿನಲ್ಲಿಟ್ಟರೆ ಮೂರು ನಾಲ್ಕು ವಾರಗಳು ಕೆಡದೆ ಇರುವುದು. ದೊಡ್ಡ ಡಬ್ಬಿಯೊಂದನ್ನು ದಿನವೂ ತೆರೆಯುವುದಕ್ಕಿಂತ ಚಿಕ್ಕ ಡಬ್ಬಿಗಳು ಹಲವು ಇರುವುದು ಮೇಲು.

ಎಣ್ಣೆಯ ವಿಷಯ

ಮನೆಯಲ್ಲಿ ಮಾಡಿದ ತಿಂಡಿಯು ಅಂಗಡಿಯದಕ್ಕಿಂತ ಮೇಲೆಂದು ಹೇಳಿಕೊಳ್ಳಬೇಕಾದರೆ ಆ ಮೇಲ್ಮೆಯು ಎಣ್ಣೆಯಲ್ಲಿ ಕಾಣಬೇಕು. ಒಂದೇ ಎಣ್ಣೆಯನ್ನು ಕಪ್ಪಾಗುವವರೆಗೆ ಮತ್ತೆ ಮತ್ತೆ ಕಾಯಿಸುವುದು ಆರೋಗ್ಯಕ್ಕೆ ಹಾನಿಕರ. ಕರಿದು ಕೆಟ್ಟ ಎಣ್ಣೆಯಲ್ಲಿ ಹೆಚ್ಚುವ ಧ್ರುವೀಯ ಸಂಯುಕ್ತಗಳೆಂಬ ಪದಾರ್ಥಗಳು ನೂರಕ್ಕೆ ೨೫ ಪಾಲನ್ನು ಮೀರಿದರೆ ಆ ಎಣ್ಣೆಯನ್ನು ಉಪಯೋಗಿಸಬಾರದೆಂದು ಭಾರತ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರದವರು ಮಾಡಿದ ನಿಯಮವು ೨೦೧೮ನೆಯ ಇಸವಿ ಜುಲೈ ೧ನೆಯ ತಾರೀಖಿನಿಂದ ಜಾರಿಗೆ ಬಂದಿದೆ. ಹಳ್ಳಿಯ ಮನೆಯಲ್ಲಿ ಇದನ್ನು ಅಳೆಯುವ ಉಪಕರಣವು ಇರಲಾರದು. ಆದರೆ ಎಣ್ಣೆಯು ಕಪ್ಪಾಗಿ, ಮಂದವಾಗಿ, ನೊರೆ ಬಿಡುತ್ತ, ಬೇಗನೆ ಹೊಗೆಯಾಡತೊಡಗಿದರೆ ಅದರ ಕಾಲ ಮುಗಿಯಿತೆಂದು ಕಣ್ಣೇ ಹೇಳುವುದು. ಕರಿದ ದಿನವೇ ಎಣ್ಣೆಯನ್ನು ಬಟ್ಟೆಯಲ್ಲಿ ಶೋಧಿಸಿ ಮುಚ್ಚಿಟ್ಟು, ಎರಡು ಮೂರು ಸಾರಿಗಿಂತ ಹೆಚ್ಚಾಗಿ ಕರಿಯುವುದಕ್ಕೆ ಉಪಯೋಗಿಸದಿರುವುದೇ ಕ್ಷೇಮ.

ಅವರೆಯ ಒಣ ಕಾಳಿನಲ್ಲಿ ನೂರಕ್ಕೆ ಸುಮಾರು ೨೦ರಿಂದ ೨೫ ಪಾಲು ಸಸಾರಜನಕ ಇರುವುದರಿಂದ ರಾಗಿಯ ಊಟಕ್ಕೆ ಅದು ಉತ್ತಮ ಜೊತೆ. ಹಾಗೆಂದು ಕರಿದ ಅವರೆಯನ್ನು ಊಟದ ಸ್ಥಾನದಲ್ಲಿ ಇಡಬಾರದು. ಕರಿದ ಬೇಳೆಯಲ್ಲಿ ಎಣ್ಣೆಯ ಪಾಲು ಕಡಮೆಯೇನೂ ಅಲ್ಲ. ಶಾಲೆಯಿಂದ ಬಂದ ಮಗುವಿಗೆ ಒಂದು ಹಿಡಿ ಸಾಕು. ಮನೆಯವರ ಶಕ್ತಿಗೆ ಹಿತಕಿದ ಬೇಳೆಯ ಸಾರೂ ಅವರೇಕಾಳಿನ ಹುಳಿಯೂ ಇದ್ದೇ ಇವೆ. ಆದರೂ ಅಂಗಡಿಯ ಬಣ್ಣದ ಪೊಟ್ಟಣಗಳಲ್ಲಿ ಬರುವ ಹಿಟ್ಟಿನ ಕುರುಕುಗಳಿಗೆ ಹೋಲಿಸಿದರೆ, ಸ್ವಂತ ಹೊಲದ ಬೇಳೆಯನ್ನು ಒಳ್ಳೆಯ ಎಣ್ಣೆಯಲ್ಲಿ ಕರಿದುದು ಎಷ್ಟೋ ವಾಸಿ.

ಆಕ್ಷೇಪಣೆಗಳು

ಹಿತಕುವುದಕ್ಕೆ ಆಳು ಸಿಕ್ಕುವುದಿಲ್ಲವೆಂಬುದು ಮೊದಲನೆಯ ಆಕ್ಷೇಪಣೆ. ಆಳಿಟ್ಟು ಹಿತಕಿಸಿದರೆ ಈ ಕೆಲಸದಲ್ಲಿ ಲಾಭ ನಿಲ್ಲುವುದು ಕಷ್ಟವೆಂಬುದು ನಿಜ. ಅವರೆಯ ಕಾಲದಲ್ಲಿ ಸಂಜೆಯ ಹೊತ್ತು ಜಗುಲಿಯ ಮೇಲೆ ನಾಲ್ಕು ಮನೆಯವರು ಕೂಡಿ ಮಾತನಾಡುತ್ತ ಕಾಯಿ ಬಿಡಿಸುವುದು ಅನೇಕ ಗ್ರಾಮಗಳಲ್ಲಿ ಈಗಲೂ ಉಂಟು. ಈ ಕೂಟವನ್ನೇ ಸ್ವಲ್ಪ ಕ್ರಮಕ್ಕೆ ತಂದರೆ ಸಾಕು. ಸ್ತ್ರೀಶಕ್ತಿ ಮೊದಲಾದ ಸ್ವಸಹಾಯ ಸಂಘಗಳು ಇರುವ ಊರಿನಲ್ಲಿ ಕೂಟವನ್ನು ಹೊಸದಾಗಿ ಕಟ್ಟಬೇಕಾದ ಶ್ರಮವೂ ಇಲ್ಲ.

ಪೇಟೆಯವರೊಡನೆ ಪೈಪೋಟಿ ಮಾಡುವುದು ಹಳ್ಳಿಯವರಿಂದಾಗದೆಂಬುದು ಎರಡನೆಯದು. ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಅವರೆ ಮೇಳದಲ್ಲಿ ಅವರೆಯ ತಿಂಡಿಗಳಿಗೆ ಜನರು ಮುಗಿಬೀಳುವುದನ್ನು ಕಂಡವರಿಗೆ ಗಿರಾಕಿಯ ಕೊರತೆಯಿಲ್ಲವೆಂಬುದು ಗೊತ್ತಿದೆ. ಆದರೆ ಹಳ್ಳಿಯವರು ಮೊದಲೇ ಬೆಂಗಳೂರಿಗೆ ಹೋಗಬೇಕಾದುದಿಲ್ಲ. ಹೋಬಳಿಯ ಸಂತೆ, ತಾಲ್ಲೂಕಿನ ಬಸ್ ನಿಲ್ದಾಣ, ಊರ ಜಾತ್ರೆ, ಮದುವೆ ಮನೆ ಇವೇ ಮೊದಲನೆಯ ಪೇಟೆ. ಇಲ್ಲಿ ಹೆಸರು ಬಂದ ಮೇಲೆ ದೂರದ ಮಾತು.

ಕಾನೂನಿನ ತೊಡಕೆಂಬುದು ಮೂರನೆಯದು. ಮನೆಯ ಉಪಯೋಗಕ್ಕೆ ಮಾಡಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮಾರುವುದಕ್ಕೆ ೨೦೦೬ನೆಯ ಇಸವಿಯ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ಸಣ್ಣ ತಯಾರಕರೂ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳತಕ್ಕದ್ದು. ಪೊಟ್ಟಣದ ಮೇಲೆ ತಯಾರಿಸಿದ ದಿನ, ತೂಕ, ಸೇರಿದ ಪದಾರ್ಥಗಳು ಮೊದಲಾದುವನ್ನು ಅಚ್ಚು ಹಾಕತಕ್ಕದ್ದು. ಕಡಲೆಕಾಯಿ ಬೀಜವು ಕೆಲವರಿಗೆ ಒಗ್ಗದಿರುವುದರಿಂದ ಅದು ಸೇರಿದ್ದರೆ ತಪ್ಪದೆ ತಿಳಿಸಬೇಕು. ಇದನ್ನು ತೊಡಕೆಂದು ಎಣಿಸುವುದಕ್ಕಿಂತ ಮಾಲಿನ ಮರ್ಯಾದೆಯೆಂದು ಎಣಿಸುವುದು ಯುಕ್ತ.

ಯಜಮಾನರ ಕರ್ತವ್ಯ

ಹಿತಕುವುದೂ ಕರಿಯುವುದೂ ಹೆಂಗಸರ ಕೈಕೆಲಸ. ಕಾಯಿಯನ್ನು ಮಾರುವುದೋ ಉಳಿಸುವುದೋ ಎಂಬ ತೀರ್ಮಾನವು ಸಾಮಾನ್ಯವಾಗಿ ಗಂಡಸರದು. ಈ ಎರಡಕ್ಕೂ ಹೊಂದಾಣಿಕೆಯಿಲ್ಲದ್ದರಿಂದಲೇ ಕಸಬು ಬೆಳೆಯದೆ ಇದೆ. ಮುಂಜಾನೆ ನಾಲ್ಕು ಗಂಟೆಗೆ ಕಾಯಿಯನ್ನೆಲ್ಲ ಗಾಡಿಗೆ ತುಂಬಿ ಕಳುಹಿಸಿದ ಮೇಲೆ ಮನೆಯಾಕೆಯು ಹಿತಕುವುದಕ್ಕೆ ಏನನ್ನು ತರಬೇಕು? ಇಷ್ಟೇ ಅಲ್ಲ, ಮೂರು ರಾತ್ರಿ ಬೆರಳು ನೋಯುವಂತೆ ಹಿತಕಿ, ಒಲೆಯ ಮುಂದೆ ಬೆವರು ಸುರಿಸಿ ಮಾಡಿದ ತಿಂಡಿಯ ಹಣವು ಯಜಮಾನನ ಜೇಬನ್ನು ಸೇರಿ ಲೆಕ್ಕವಿಲ್ಲದೆ ಕರಗಿದರೆ, ಮರುವರ್ಷ ಆಕೆಗೆ ಉತ್ಸಾಹವಿರುವುದೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಮೇಲೆ ತೋರಿಸಿದ ಲೆಕ್ಕದಲ್ಲಿ ಉಳಿಯುವ ೨೫೦ ಅಥವಾ ೪೫೦ ರೂಪಾಯಿಯು ಹಿತಕಿದವರ ಕೂಲಿ. ಅದು ಅವರ ಕೈಗೇ ಸೇರತಕ್ಕದ್ದು. ಕಾಯಿಯ ಬೆಲೆಯು ಯಜಮಾನನಿಗೆ, ಕೈಯ ಬೆಲೆಯು ಕೈಯವರಿಗೆ ಎಂದು ಮೊದಲೇ ಗೊತ್ತುಮಾಡಿಕೊಂಡ ಮನೆಯಲ್ಲಿ ಜಗಳಕ್ಕೆ ಅವಕಾಶವಿಲ್ಲ. ಕೂಲಿಗೆ ಬಂದ ಬಡ ಸಂಸಾರದ ಹೆಂಗಸರಿಗೂ ಈ ನಿಯಮವೇ ಅನ್ವಯಿಸಬೇಕು.

ಗ್ರಾಮದ ಮುಖಂಡರಿಂದಲೂ ಹೆಚ್ಚು ಜಮೀನುಳ್ಳವರಿಂದಲೂ ಆಗಬೇಕಾದ ಕೆಲಸಗಳು ಹಣದ ವಿಷಯದಲ್ಲಿ ಹಗುರವಾದುವು. ಊರಿನಲ್ಲಿ ಗಾಳಿ ಬೆಳಕುಳ್ಳ, ನೆಲ ಗಾರೆಯಾದ, ಶುದ್ಧ ನೀರಿರುವ ಒಂದು ಕೊಠಡಿಯನ್ನು ಅವರೆಯ ಕಾಲದಲ್ಲಿ ಬಿಟ್ಟುಕೊಡುವುದು. ಒಂದು ದೊಡ್ಡ ಬಾಣಲೆ, ಜಾಲರಿ ಸೌಟು, ತಕ್ಕಡಿ, ಉಷ್ಣಮಾಪಕಗಳನ್ನು ಸಂಘಕ್ಕೆ ಒದಗಿಸುವುದು. ಪೇಟೆಯ ಧಾರಣೆಯನ್ನು ದಿನವೂ ಕೊಠಡಿಯ ಬಾಗಿಲಲ್ಲಿ ಬರೆದಿಡುವುದು. ತಮ್ಮ ಹೊಲದ ಬೆಳೆಯಲ್ಲಿ ಕಾಲು ಭಾಗವನ್ನು ಧಾರಣೆ ಬಿದ್ದ ವಾರಕ್ಕೆಂದು ಮೀಸಲಿಡುವುದು. ಹಿರಿಯರು ಮೊದಲು ಮಾಡಿ ತೋರಿಸಿದುದನ್ನು ಕಿರಿಯ ಹಿಡುವಳಿಯವರು ಅನುಸರಿಸುವುದು ಗ್ರಾಮದ ರೂಢಿ. ಇದರ ಜೊತೆಗೆ ಒಳ್ಳೆಯ ಸೊಗಡಿನ ನಾಟಿ ಗಿಡಗಳನ್ನು ಹೂವಿನ ಕಾಲದಲ್ಲಿಯೇ ಗುರುತಿಟ್ಟು ಬೀಜಕ್ಕೆ ಬಿಡುವುದನ್ನು ಮರೆಯಬಾರದು. ಬೀಜವು ಒಮ್ಮೆ ಊರನ್ನು ಬಿಟ್ಟರೆ ಹಿಂದಕ್ಕೆ ಕರೆತರುವುದು ಸುಲಭವಲ್ಲ.

ಅವರೆಯ ಕುರುಕು ತಿಂಡಿಯಿಂದ ಯಾವ ಗ್ರಾಮವೂ ಐಶ್ವರ್ಯವಂತವಾಗಲಾರದು. ಆದರೆ ಧಾರಣೆ ಬಿದ್ದ ವಾರದಲ್ಲಿ ಕಾಯಿಯನ್ನು ದಲ್ಲಾಳಿಯು ಹೇಳಿದ ಬೆಲೆಗೆ ಒಪ್ಪಿಸಿ ಬರುವುದಕ್ಕೂ, ಈ ದಿನ ಕೊಡುವುದಿಲ್ಲವೆಂದು ಗಾಡಿಯನ್ನು ಮನೆಗೆ ತಿರುಗಿಸುವುದಕ್ಕೂ ಬಹಳ ವ್ಯತ್ಯಾಸವುಂಟು. ಹಾಗೆ ತಿರುಗಿಸುವ ಧೈರ್ಯವು ರೈತನಿಗೆ ಬರಬೇಕಾದರೆ ಮನೆಯಲ್ಲಿ ಬಾಣಲೆಯೂ, ಅದನ್ನು ಬಲ್ಲ ಕೈಗಳೂ, ಆ ಕೈಗಳಿಗೆ ಸಲ್ಲಬೇಕಾದ ಕೂಲಿಯ ಭರವಸೆಯೂ ಸಿದ್ಧವಾಗಿರಬೇಕು. ಬರುವ ಸುಗ್ಗಿಗೆ ಮುಂಚಿತವಾಗಿಯೇ ಯಜಮಾನರು ಮನೆಯವರೊಡನೆ ಕುಳಿತು ಈ ವಿಷಯವನ್ನು ಆಲೋಚಿಸಿ, ಮೊದಲನೆಯ ವರ್ಷ ಒಂದೆರಡು ಮೂಟೆಯಲ್ಲಿ ಪರೀಕ್ಷೆ ಮಾಡಿ, ತೂಕವನ್ನೂ ಖರ್ಚನ್ನೂ ಬರೆದಿಟ್ಟು, ಲಾಭ ಕಂಡುಬಂದರೆ ಮುಂದುವರಿಸುವುದು ಅಪೇಕ್ಷಣೀಯವು.